ರಸ್ತೆ ಕೊರೆದು ನೋಡಿ, ಆಮೇಲೆ ಬಿಲ್ ಕೊಡಿ

ಹಳ್ಳಿಗಳ ಕಾಂಕ್ರೀಟ್ ರಸ್ತೆ ಕಾಮಗಾರಿಗಳಲ್ಲಿ ಹಣ ಸೋರದಂತೆ ತಡೆಯಲು, ಅಂತಿಮ ಬಿಲ್ ಪಾವತಿಗೆ ಮುನ್ನ ರಸ್ತೆಯನ್ನು ಕೊರೆದು ಪರೀಕ್ಷಿಸುವುದು ಕಡ್ಡಾಯವಾಗಬೇಕು. ಅಳತೆ ಪುಸ್ತಕದಲ್ಲಿ 150 ಮಿ.ಮೀ. ದಪ್ಪ ಎಂದು ಬರೆದು 120 ಮಿ.ಮೀ. ಹಾಕಿದರೆ ಐದನೇ ಒಂದು ಭಾಗ ಕಾಂಕ್ರೀಟ್ ಕಾಣೆಯಾದಂತೆ. ಅಂಚಿನಲ್ಲಿ ಟೇಪ್ ಹಿಡಿದರೆ ಇದು ಗೊತ್ತಾಗದು. ಕಾಂಕ್ರೀಟ್ ಸುರಿಯಲು ಅಂಚಿಗೆ ಕಟ್ಟುವ ಶಟರಿಂಗ್ ಹಲಗೆಯ ಎತ್ತರ ಸರಿಯಾಗಿಯೇ ಇದ್ದು, ನಡುವಿನ ನೆಲವನ್ನು ಮಾತ್ರ ಉಬ್ಬಿದಂತೆ ಬಿಟ್ಟಿರಬಹುದು.

ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿಗಳ ಬಗ್ಗೆ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಲ್ಲಿಯೂ ರಸ್ತೆಗಳನ್ನು ಅಗೆದೇ ಸಾಮಗ್ರಿಯ ಲೆಕ್ಕ ಹಾಕಲಾಗಿತ್ತು. ಸರ್ಕಾರಿ ಲೆಕ್ಕಪರಿಶೋಧನೆ ಖಚಿತ ಎಂದು ಮೊದಲೇ ತಿಳಿಸಿದ ಹಳ್ಳಿಗಳಲ್ಲಿ, ಲೆಕ್ಕಕ್ಕೆ ಸಿಗದ ವೆಚ್ಚದ ಪ್ರಮಾಣ ಸುಮಾರು 8 ಶೇಕಡಾವಾರು ಅಂಶಗಳಷ್ಟು ಇಳಿಯಿತು. ಊರಿನವರನ್ನು ಸಭೆಗೆ ಕರೆದದ್ದರಿಂದ ಕೂಲಿ ಹಣದ ಸೋರಿಕೆ ತಗ್ಗಿತೇ ಹೊರತು ಸಾಮಗ್ರಿಯದ್ದಲ್ಲ. ಇದು ಸಹಜವೇ: ತನ್ನ ಕೂಲಿ ಬಂತೋ ಇಲ್ಲವೋ ಎಂಬುದು ಕೂಲಿಕಾರನಿಗೆ ತಿಳಿಯುತ್ತದೆ, ಜಲ್ಲಿ ಎಷ್ಟು ಬಿತ್ತೆಂಬುದು ಕಣ್ಣಳತೆಗೆ ಸಿಗುವುದಿಲ್ಲ.

ಆದ್ದರಿಂದ ಟೆಂಡರ್‌ನಲ್ಲೇ ಈ ಷರತ್ತು ಸೇರಿಸಲಿ. ಪ್ರತಿ ರಸ್ತೆಯಿಂದ ಕನಿಷ್ಠ ಮೂರು ಕೋರ್ ಮಾದರಿ (ಕೊರೆದು ತೆಗೆದ ಕೊಳವೆಯಾಕಾರದ ಕಾಂಕ್ರೀಟ್ ತುಂಡು) ತೆಗೆಯಬೇಕು. ಎಲ್ಲಿ ಕೊರೆಯಬೇಕೆಂಬುದನ್ನು ಅದೇ ದಿನ ಚೀಟಿ ಎತ್ತಿ ನಿರ್ಧರಿಸಬೇಕು, ಒಂದಾದರೂ ರಸ್ತೆಯ ನಡುವಿನದಿರಬೇಕು. ಕಾಂಕ್ರೀಟ್ ಕುರಿತ ಭಾರತೀಯ ಮಾನಕ ಐಎಸ್ 456ರಂತೆ ಮಾದರಿಗಳ ಸರಾಸರಿ ಬಲ ನಿಗದಿತ ಘನ ಬಲದ (ಘನಾಕೃತಿಯ ಕಾಂಕ್ರೀಟ್ ತುಂಡನ್ನು ಒತ್ತಿ ಅಳೆಯುವ ಬಲ) ಶೇ 85ಕ್ಕಿಂತ, ಯಾವುದೇ ಒಂದರ ಬಲ ಶೇ 75ಕ್ಕಿಂತ ಕಡಿಮೆ ಇರಬಾರದು. ದಪ್ಪ ಮತ್ತು ಬಲದ ವರದಿಯನ್ನು ಗ್ರಾಮಸಭೆಯಲ್ಲಿ ಓದಿದ ನಂತರವೇ ಗುತ್ತಿಗೆದಾರರಿಗೆ ಹಣ ಬಿಡುಗಡೆಯಾಗಲಿ.