ಹೂಂ ಅನ್ನುವ ಮುಂಚೆ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಹಳೆಯ ಹಾಡುಗಾರ ಬಿಟ್ಟುಹೋದ ಜಾಗಕ್ಕೆ ಅಷ್ಟು ದೊಡ್ಡ ಮೆಟಲ್ (ಅಬ್ಬರದ ರಾಕ್ ಸಂಗೀತದ) ಬ್ಯಾಂಡಿನವರು ನಿನ್ನನ್ನು ಕರೆದಿದ್ದಾರೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ತುಂಬ ಹೆಮ್ಮೆಯಾಯಿತು ಕಣೋ. ಆದರೆ ಹೂಂ ಅನ್ನುವ ಮುಂಚೆ ಒಂದು ಕೆಲಸ ಮಾಡು. ಅವರ ಹಳೆಯ ಹಾಡುಗಳಲ್ಲಿ ಎಂಟನ್ನು ಆರಿಸಿಕೊಂಡು, ನಿಂತುಕೊಂಡೇ, ನಡುವೆ ಬಿಡುವು ಕೊಡದೆ ಹಾಡು. ಮಾರನೆಯ ದಿನವೂ ಹಾಡು, ಅದರ ಮಾರನೆಯ ದಿನವೂ ಹಾಡು. ಮೂರನೆಯ ದಿನ ಆರನೆಯ ಹಾಡಿಗೆ ಬರುವಾಗ ನಿನ್ನ ಗಂಟಲು ಏನು ಹೇಳುತ್ತದೋ ಅದನ್ನು ನಂಬು. ಆಡಿಷನ್ನಿನಲ್ಲಿ ಎರಡು ಹಾಡು ಯಾರಿಗಾದರೂ ದಕ್ಕುತ್ತದೆ. ಟೂರ್ ಹಾಗಲ್ಲ.

ನಾನೂ ಒಮ್ಮೆ ಹೀಗೆ ಇನ್ನೊಬ್ಬನ ಜಾಗಕ್ಕೆ ಹೋಗಿದ್ದೆ. ಅವನದು ತಾರಸ್ಥಾಯಿಯ ಚೀರು, ನನ್ನದು ಮಂದ್ರದ ಕಂಠ. ಗಿಟಾರುಗಳ ಶ್ರುತಿ ಸ್ವಲ್ಪ ಇಳಿಸೋಣವೇ ಎಂದು ಕೇಳಲು ಸಂಕೋಚ. ನಾಲ್ಕನೆಯ ಕಾರ್ಯಕ್ರಮದಲ್ಲಿ ಮೇಲಿನ ಸ್ವರ ಹಿಡಿಯಲು ಹೋದಾಗ ದನಿ ಒಡೆದು ಬರೀ ಗಾಳಿ ಬಂತು. ಮುಂದಿನ ಸಾಲಿನಲ್ಲಿ ಕೂದಲು ಕೆದರಿಕೊಂಡು ತಲೆ ಬೀಸುತ್ತಿದ್ದ ಹುಡುಗನೊಬ್ಬ ತಟಕ್ಕನೆ ನಿಂತು ನನ್ನ ಮುಖವನ್ನೇ ನೋಡಿದ. ಮೂರು ವಾರ ಮಾತಾಡಲಾಗಲಿಲ್ಲ. ಆ ಹುಡುಗನ ನೋಟ ಇವತ್ತಿಗೂ ಮರೆತಿಲ್ಲ.

1994ರಲ್ಲಿ ಐರನ್ ಮೇಡನ್ ಎಂಬ ಮೆಟಲ್ ಬ್ಯಾಂಡಿಗೆ ಹಾಡುಗಾರರಾಗಿ ಸೇರಿದ ಬ್ಲೇಜ್ ಬೇಲಿ ಅವರ ಕಷ್ಟವೂ ಇದೇ. ಹಿಂದಿನ ಹಾಡುಗಾರ ಬ್ರೂಸ್ ಡಿಕಿನ್ಸನ್ನರ ಎತ್ತರದ ದನಿಗೆಂದು ಕಟ್ಟಿದ ಹಾಡುಗಳು ಬೇಲಿಯವರ ತಗ್ಗು ದನಿಗೆ ಕೂರಲಿಲ್ಲ. ಎರಡು ಆಲ್ಬಂ ಮುಗಿದು, 1999ರಲ್ಲಿ ಡಿಕಿನ್ಸನ್ ಮರಳಿದರು. ಹಾಗೆಂದು ಬೇಲಿಯವರನ್ನು ಹಗುರವಾಗಿ ಕಾಣುವವರ ಮಾತು ನನಗೆ ಹಿಡಿಸುವುದಿಲ್ಲ. ಅವರ ಕಾಲದ ಹಾಡುಗಳನ್ನು ಆಮೇಲೆ ಡಿಕಿನ್ಸನ್ನರೇ ವೇದಿಕೆಯಲ್ಲಿ ಹಾಡಿದ್ದಾರೆ. ಬ್ಲ್ಯಾಕ್ ಸಬತ್ ಎಂಬ ಇನ್ನೊಂದು ಬ್ಯಾಂಡಿನ ಕತೆ ಬೇರೆ. 1979ರಲ್ಲಿ ಹಾಡುಗಾರ ಆಜಿ ಆಸ್ಬರ್ನ್ ಜಾಗಕ್ಕೆ ರಾನಿ ಜೇಮ್ಸ್ ಡಿಯೋ ಬಂದರು, ಸಾಹಿತ್ಯವನ್ನೂ ತಾವೇ ಬರೆದರು. 1980ರ ಆಲ್ಬಂ ಅವರ ಕಂಠದ ಅಳತೆಗೇ ಹೊಲಿದಂತಿದೆ. ಅದಕ್ಕೇ ಕೇಳುತ್ತಿದ್ದೇನೆ, ಇವರು ನಿನ್ನೊಡನೆ ಕೂತು ಹೊಸ ಹಾಡು ಕಟ್ಟುತ್ತಾರೋ, ಇಲ್ಲ ಹಳೆಯದನ್ನು ಹಾಡಿಸಿಕೊಂಡು ಹೋಗಲು ಕರೆದಿದ್ದಾರೋ? ಬಾಯಿಬಿಟ್ಟು ಕೇಳು.

ಬ್ಯಾಂಡಿನ ಸದಸ್ಯನೋ ಸಂಬಳದವನೋ, ನಿನ್ನದೇ ಇನ್ನೊಂದು ಗುಂಪು ಇಟ್ಟುಕೊಳ್ಳಬಹುದೋ ಎಂಬುದನ್ನೂ ಬರವಣಿಗೆಯಲ್ಲಿ ತೆಗೆದುಕೋ. ಮೆಟಾಲಿಕಾ ಬ್ಯಾಂಡಿನಲ್ಲಿ ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ 2001ರಲ್ಲಿ ಹೊರಬಂದದ್ದರ ಹಿಂದೆ ಇನ್ನೊಂದು ಗುಂಪು ಇಟ್ಟುಕೊಳ್ಳುವ ಜಗಳವೇ ಇತ್ತು. ಅಲ್ಲಿ ಮೊದಲು ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಬಂದವರು ನ್ಯೂಸ್ಟೆಡ್. ಗೆಳೆಯನನ್ನು ಕಳೆದುಕೊಂಡವರ ನಡುವೆ ನಿಂತು ನುಡಿಸಿದರು. ಮೆಟಾಲಿಕಾದ 1988ರ ಆಲ್ಬಂ ಹಾಕಿ ಅವರ ಬೇಸ್ ಹುಡುಕು, ಕಿವಿಗೆ ಸಿಗುವುದೇ ಕಷ್ಟ. ನಿಲ್ಲಲು ಜಾಗ ಕೊಟ್ಟರು, ದನಿಗೆ ಕೊಡಲಿಲ್ಲ.

ಅಭಿಮಾನಿಗಳು ಹಳಬನ ಹೆಸರು ಕೂಗಿದರೆ ನೊಂದುಕೊಳ್ಳಬೇಡ. ಅವರ ಪ್ರೀತಿ ಅದು, ನಿನ್ನ ಮೇಲಿನ ದ್ವೇಷವಲ್ಲ. ನೀನೇ ವೇದಿಕೆಯಿಂದ ಅವನ ಹೆಸರನ್ನು ಗೌರವದಿಂದ ಹೇಳು.

ಮೂರನೆಯ ದಿನದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸು, ಎಂಟೂ ಹಾಡು ಕೇಳುತ್ತೇನೆ. ಅಲ್ಲಿಯವರೆಗೆ ಅವರಿಗೆ ಉತ್ತರ ಕೊಡಬೇಡ.

ಇಂತಿ ನಿನ್ನ ಪ್ರೀತಿಯ
ಮಾವ