ಕೆಂಟಕಿ ಡರ್ಬಿ: ಒಂದೇ ಓಟಕ್ಕೆ 20 ಕುದುರೆ ತೀರಾ ಜಾಸ್ತಿ

ಮಾನ್ಯರೇ,

ಅಮೆರಿಕದ ಕೆಂಟಕಿ ಡರ್ಬಿ ಕುದುರೆ ಓಟದ ವರದಿ ಓದಿದೆ. ಅಲ್ಲಿ ಒಟ್ಟಿಗೆ 20 ಕುದುರೆಗಳನ್ನು ಓಡಿಸುವುದನ್ನು ನಿಲ್ಲಿಸಬೇಕು. ಎಲ್ಲವೂ ಮೂರು ವರ್ಷದ ಕುದುರೆಗಳು, ಓಟ ಸುಮಾರು 2 ಕಿ.ಮೀ. ಇಷ್ಟು ದೂರವನ್ನು ಅವುಗಳಲ್ಲಿ ಹೆಚ್ಚಿನವು ಹಿಂದೆಂದೂ ಓಡಿರುವುದಿಲ್ಲ. ಗೇಟು ತೆರೆದ ಕೂಡಲೇ ಎಲ್ಲ ಒಳಬದಿಗೆ ನುಗ್ಗುತ್ತವೆ. ನೂಕಾಟ ಆಗದೆ ಇರುತ್ತದೆಯೇ?

2019ರಲ್ಲಿ ಮೊದಲು ಗುರಿ ಮುಟ್ಟಿದ್ದು ಮ್ಯಾಕ್ಸಿಮಮ್ ಸೆಕ್ಯುರಿಟಿ. ತಿರುವಿನಲ್ಲಿ ಬೇರೆ ಕುದುರೆಗಳಿಗೆ ಅಡ್ಡ ಬಂದಿತೆಂದು ಅದನ್ನು 17ನೇ ಸ್ಥಾನಕ್ಕೆ ತಳ್ಳಿದರು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಕಾದ ಮೇಲೆ ಕಂಟ್ರಿ ಹೌಸ್ ಗೆದ್ದಿತೆಂದು ಘೋಷಿಸಿದರು. ಅಂದು ಕುದುರೆಗಳು ಉರುಳಿ ಬೀಳದೇ ಇದ್ದದ್ದು ಅದೃಷ್ಟ, ಅಷ್ಟೇ.

2022ರಲ್ಲಿ ಓಟಕ್ಕೆ ಕೊನೆ ಗಳಿಗೆಯಲ್ಲಿ ಪ್ರವೇಶ ಸಿಕ್ಕಿ ಗೆದ್ದ ರಿಚ್ ಸ್ಟ್ರೈಕ್ ಕುದುರೆ ನನಗೂ ಇಷ್ಟ. ಆದರೆ ಅಂಥ ಅಚ್ಚರಿಗಾಗಿ ಜೀವಗಳನ್ನು ಅಪಾಯಕ್ಕೆ ಒಡ್ಡಬಾರದು ಅಲ್ವಾ?

ಇಂಗ್ಲೆಂಡಿನ ಬೇಲಿ ಹಾರುವ ಕುದುರೆ ಓಟ ಗ್ರ್ಯಾಂಡ್ ನ್ಯಾಷನಲ್‌ನವರು 2024ರಲ್ಲಿ ಕುದುರೆಗಳ ಮಿತಿಯನ್ನು 40ರಿಂದ 34ಕ್ಕೆ ಇಳಿಸಿದರು. ಆ ವರ್ಷ ಒಂದು ಕುದುರೆಯೂ ಬೀಳಲಿಲ್ಲ. ಒಂದೇ ವರ್ಷ ನೋಡಿ ಎಲ್ಲ ಸರಿಹೋಯಿತು ಎನ್ನಲಾಗದು, ಆದರೂ ದಾರಿ ಸರಿಯಾಗಿದೆ. ಅಮೆರಿಕದಲ್ಲೇ ಇನ್ನೊಂದು ದೊಡ್ಡ ಓಟವಾದ ಬ್ರೀಡರ್ಸ್ ಕಪ್ ಕ್ಲಾಸಿಕ್‌ಗೆ 14ರ ಮಿತಿ ಇದೆ. ಡರ್ಬಿಗೂ ಅದನ್ನೇ ತರಲಿ.

– ಓದುಗರೊಬ್ಬರು, ಮೈಸೂರು