ಕಾವಲು ಬಿಟ್ಟು ಮಲಗು, ಪುಟ್ಟಿ

ಪುಟ್ಟಿ,

ನಿನ್ನ ಮೇಲ್ ಓದಿದೆ. ಕೆಲಸದ್ದು, ಮನೆ ಬದಲಾಯಿಸಿದ್ದು, ಅಪ್ಪನ ಜೊತೆ ಆದ ಜಗಳ, ಇದೆಲ್ಲ ನಿನ್ನ ಅಮ್ಮನ ಬಾಯಿಂದ ಆಗಲೇ ಕೇಳಿಯಾಗಿದೆ, ಅದರ ಬಗ್ಗೆ ಮತ್ತೆ ಬರೆಯಲ್ಲ. ಆದರೆ ಮಧ್ಯದಲ್ಲಿ ಒಂದು ಮಾತು ಬರೆದಿದ್ದೀಯಲ್ಲ. ರಾತ್ರಿ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸುತ್ತಾ ಮಲಗುತ್ತೇನೆ, ಎಣಿಸೋದು ಬಿಟ್ಟರೆ ನಿಂತೇಹೋಗುತ್ತೆ ಅನ್ನಿಸುತ್ತೆ, ಆಮೇಲೆ ಎದ್ದು ಫೋನ್ ತೆಗೆದು ಯುದ್ಧದ ಸುದ್ದಿ ನೋಡುತ್ತೇನೆ, ಅದೂ ಹಾಗೇ, ನಾನು ನೋಡದೇ ಇದ್ದಾಗಲೇ ಏನಾದರೂ ಆಗಿಬಿಟ್ಟರೆ ಅಂತ. ಇಷ್ಟು ಬರೆದು ಮುಂದಿನ ಸಾಲಿನಲ್ಲೇ ಬೆಕ್ಕಿನ ವಿಷಯಕ್ಕೆ ಹಾರಿದ್ದೀಯ. ನನಗೆ ಹಾರೋಕೆ ಆಗಲಿಲ್ಲ. ಬೆಕ್ಕಿಗೆ ಏನಾಯಿತು ಅಂತ ಇನ್ನೊಂದು ಸಲ ಓದಿ ನೋಡಬೇಕು.

ಡಾಕ್ಟರ್ ಇಸಿಜಿ ನೋಡಿದ್ದಾರೆ, ಥೈರಾಯ್ಡ್ ನೋಡಿದ್ದಾರೆ, ಏನೂ ಇಲ್ಲ ಅಂದಿದ್ದಾರೆ ಅಂತ ನೀನೇ ಬರೆದಿದ್ದೀಯ. ಆ ಸಮಾಧಾನ ಎರಡು ದಿನವೂ ಇರಲಿಲ್ಲ ಅಂತಲೂ ಬರೆದಿದ್ದೀಯ. ಹಾಗಾದರೆ ನಾನು "ಏನೂ ಆಗಲ್ಲ ಬಿಡು" ಅಂದರೆ ಅದು ಎಷ್ಟು ಹೊತ್ತು ಇದ್ದೀತು? ಅದಕ್ಕೇ ಅನ್ನಲ್ಲ.

ಒಲೆ ಮೇಲಿನ ಹಾಲು ನಾವು ಆ ಕಡೆ ತಿರುಗಿದಾಗಲೇ ಉಕ್ಕುತ್ತೆ, ಅದು ನಿಜ. ಎದೆಯೂ ಹಾಗೇ ಅಂದುಕೊಂಡಿದ್ದೀಯ ನೀನು. ಆದರೆ ಎದೆಗೆ ನಿನ್ನ ಕಾವಲು ಬೇಕಿಲ್ಲ ಕಣೇ. ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಒಂದಿಷ್ಟು ಜೀವಕೋಶಗಳಿವೆ, ಅವು ತಮ್ಮಷ್ಟಕ್ಕೆ ತಾವೇ ಮಿಡಿತ ಹುಟ್ಟಿಸುತ್ತವೆ. ಬೇರೆಯವರ ಹೃದಯ ತೆಗೆದು ಕಸಿ ಮಾಡುತ್ತಾರಲ್ಲ, ಆಗ ಅದರ ನರಗಳೆಲ್ಲ ಕತ್ತರಿಸಿಹೋಗಿರುತ್ತವೆ, ಮಿದುಳಿನ ಮಾತು ಅದಕ್ಕೆ ನೇರವಾಗಿ ತಲುಪೋದೇ ಇಲ್ಲ. ಆದರೂ ಬಡಿಯುತ್ತೆ. ದಿನಕ್ಕೆ ಸುಮಾರು 1 ಲಕ್ಷ ಸಲ. ಅದರಲ್ಲಿ ನೀನು ಎಣಿಸಿದ್ದು ಎಷ್ಟು, ಎಣಿಸದೆ ಬಿಟ್ಟಿದ್ದು ಎಷ್ಟು, ಲೆಕ್ಕ ಹಾಕು.

"ನಡುವೆ ಒಂದು ಬಡಿತ ತಪ್ಪಿತು" ಅಂತ ಬೆವರಿ ಎದ್ದು ಕೂತಿದ್ದೆಯಲ್ಲ, ಅದು ಬಹಳ ಸಲ ತಪ್ಪಿದ್ದೇ ಅಲ್ಲ. ಒಂದು ಬಡಿತ ಸ್ವಲ್ಪ ಮುಂಚೆಯೇ ಬಂದುಬಿಡುತ್ತೆ, ಅದು ನಮಗೆ ಗೊತ್ತೇ ಆಗಲ್ಲ. ಆಮೇಲೆ ಒಂದು ಸಣ್ಣ ಬಿಡುವು, ಆಮೇಲಿನದು ಜೋರಾಗಿ ಗುದ್ದುತ್ತೆ. ನಮಗೆ ಗೊತ್ತಾಗೋದು ಆ ಬಿಡುವು ಮತ್ತು ಗುದ್ದು ಮಾತ್ರ. ಆರೋಗ್ಯವಾಗಿ ಓಡಾಡುವವರಲ್ಲೂ ಇದು ಆಗುತ್ತೆ. ಮನೆಯೆಲ್ಲ ಸದ್ದಿಲ್ಲದೆ ಇರುವಾಗ, ಎಡಮಗ್ಗುಲಲ್ಲಿ ಮಲಗಿದಾಗ ಜಾಸ್ತಿ ಗೊತ್ತಾಗುತ್ತೆ. ಇನ್ನೊಂದು ವಿಷಯ, ಉಸಿರು ಎಳೆದುಕೊಂಡಾಗ ನಾಡಿ ಸ್ವಲ್ಪ ಬೇಗ ಓಡುತ್ತೆ, ಬಿಟ್ಟಾಗ ನಿಧಾನ ಆಗುತ್ತೆ. ನಿನ್ನಂಥ ಚಿಕ್ಕ ವಯಸ್ಸಿನವರಲ್ಲಿ ಈ ಏರಿಳಿತ ಚೆನ್ನಾಗಿಯೇ ಕಾಣುತ್ತೆ. ಅಂದರೆ ನೀನು ಭಯಪಟ್ಟು ಎಣಿಸುತ್ತಿರೋ ಆ "ಏರುಪೇರು" ನಿನ್ನದೇ ಉಸಿರು ಇರಬಹುದು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಎಣಿಸುವ ಚಟ ನನಗೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

1979ರಲ್ಲಿ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ಸ್ಕೈಲ್ಯಾಬ್ ಬೀಳುತ್ತೆ ಅಂತ ಎಲ್ಲಾ ಕಡೆ ಗುಲ್ಲು. ಅಮೆರಿಕದವರ ಬಾಹ್ಯಾಕಾಶ ನಿಲ್ದಾಣ ಅದು, 70 ಟನ್ನಿಗೂ ಜಾಸ್ತಿ ತೂಕ, ಎಲ್ಲಿ ಬೀಳುತ್ತೆ ಅಂತ ಖಚಿತವಾಗಿ ಯಾರಿಗೂ ಹೇಳೋಕೆ ಆಗುತ್ತಿರಲಿಲ್ಲ. ನಾನು ಆಕಾಶ ನೋಡುತ್ತಾ ನಿಂತಿರುತ್ತಿದ್ದೆ, ನಾನು ನೋಡುತ್ತಿದ್ದರೆ ನಮ್ಮ ಮನೆ ಮೇಲೆ ಬೀಳಲ್ಲ ಅನ್ನೋ ಲೆಕ್ಕ. ನೋಡು, ನಿನ್ನ ರೋಗ ಎಲ್ಲಿಂದ ಬಂದಿದೆ ಅಂತ. ಜುಲೈ 11ಕ್ಕೆ ಅದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚೂರುಚೂರಾಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿನ ಎಸ್ಪೆರೆನ್ಸ್ ಅನ್ನೋ ಊರಿನವರು ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿದರಂತೆ. ನಾನು ಅಷ್ಟು ದಿನ ಕತ್ತು ನೋಯಿಸಿಕೊಂಡಿದ್ದಕ್ಕೆ ಯಾರೂ ಏನೂ ಕೊಡಲಿಲ್ಲ.

ಇನ್ನೊಂದು ಕತೆ ಇದೆ, ನಿನಗೆ ಹೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. 1983ರ ಸೆಪ್ಟೆಂಬರ್ 26ರ ರಾತ್ರಿ, ಸೋವಿಯತ್ ಒಕ್ಕೂಟದ ಎಚ್ಚರಿಕೆ ಕೇಂದ್ರದಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಅನ್ನೋ ಅಧಿಕಾರಿ ಡ್ಯೂಟಿಯಲ್ಲಿದ್ದ. ಅಮೆರಿಕ ಕ್ಷಿಪಣಿ ಹಾರಿಸಿದೆ ಅಂತ ಅಲಾರಂ ಹೊಡೆಯಿತು. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ನಿಜವಾದ ದಾಳಿ ಆಗಿದ್ದರೆ ಬರೀ ಐದೇ ಕಳಿಸುತ್ತಾರಾ ಅಂತ ಆತನಿಗೆ ಅನುಮಾನ ಬಂತು. ಸುಳ್ಳು ಅಲಾರಂ ಅಂತಲೇ ಮೇಲಿನವರಿಗೆ ಹೇಳಿದ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಆ ರಾತ್ರಿ ನಾನು ನಿದ್ದೆ ಮಾಡಿದ್ದೆ. ನಿನ್ನ ಅಮ್ಮ ನನ್ನ ಪಕ್ಕದಲ್ಲೇ ಮಲಗಿದ್ದಳು. ನಮಗೆ ಈ ಸುದ್ದಿ ತಿಳಿದಿದ್ದು ಎಷ್ಟೋ ವರ್ಷ ಆದ ಮೇಲೆ.

ನೀನೀಗ ಏನು ಹೇಳುತ್ತೀಯ ಅಂತ ಗೊತ್ತು. "ನೋಡಿದ್ರಾ ದೊಡ್ಡಮ್ಮ, ಮಲಗಿದ್ದಾಗಲೇ ಅಲ್ವಾ ಆಗಿದ್ದು?" ಹೌದು. ಅದಕ್ಕೇ ಹೇಳಲೋ ಬೇಡವೋ ಅಂದಿದ್ದು. ಆದರೆ ನಾನು ಎದ್ದು ಕೂತಿದ್ದರೆ ಆ ಮೋಡ ಸರಿಯುತ್ತಿತ್ತಾ? ಅದನ್ನು ನೋಡಿಕೊಳ್ಳೋಕೆ ಒಬ್ಬ ಇದ್ದ, ಅದು ಅವನ ಕೆಲಸ. ಅವನು ಕೂಡ ಅಲಾರಂ ಹೊಡೆದದ್ದನ್ನೆಲ್ಲ ನಿಜ ಅಂತ ನಂಬಲಿಲ್ಲ, ನನಗೆ ಆ ಕತೆಯಲ್ಲಿ ಹಿಡಿಸಿದ್ದು ಅದೇ. ನಿನ್ನ ಎದೆ ಡವಡವ ಅನ್ನೋದೂ ಅಲಾರಮ್ಮೇ. ಹೆದರಿದಾಗ ಅಡ್ರಿನಲಿನ್ ಏರುತ್ತೆ, ಅದು ಏರಿದರೆ ಎದೆ ಬೇಗ ಬಡಿಯುತ್ತೆ, ಬೇಗ ಬಡಿದರೆ ನೀನು ಇನ್ನೂ ಹೆದರುತ್ತೀಯ. ಆಗ ಬೆರಳು ಮತ್ತೆ ಮಣಿಕಟ್ಟಿಗೇ ಹೋಗುತ್ತೆ.

ಮತ್ತೆ, ನಾವು ನೋಡದೇ ಇದ್ದಾಗ ಕೆಟ್ಟದ್ದೇ ಆಗಬೇಕು ಅಂತ ಯಾಕೆ? 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ತೂತಿನ ವಿಷಯ ಹೊರಗೆ ಬಂತು, 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು, ಈಗ ಅದು ನಿಧಾನಕ್ಕೆ ಸರಿಹೋಗುತ್ತಿದೆ. ನಾನು ಅದನ್ನು ಒಂದು ದಿನವೂ ಕಾದು ಕೂತು ನೋಡಿದವಳಲ್ಲ. ಹಾಗಂತ ಈಗಿನ ಯುದ್ಧಗಳೂ ತಾವಾಗಿ ಸರಿಹೋಗುತ್ತವೆ ಅಂತ ನಾನು ಹೇಳುತ್ತಿಲ್ಲ, ಸತ್ತವರು ಸತ್ತಿದ್ದಾರೆ, ಅದನ್ನು ನೋಡಿ ನಿನಗೆ ಸಂಕಟ ಆಗೋದು ಸರಿಯಾಗೇ ಇದೆ. ಸಂಕಟ ಬೇಡ ಅನ್ನಲ್ಲ ನಾನು. ರಾತ್ರಿ ಎರಡು ಗಂಟೆಗೆ ಕಾವಲು ಬೇಡ ಅಂತಿದ್ದೀನಿ.

ಈಗ ನನ್ನ ಎಣಿಕೆಯ ವಿಷಯ. ಅಜ್ಜಿಯ ಕೊನೆಯ ವರ್ಷ ಹೇಗಿತ್ತು ಅಂತ ನಿನಗೆ ಗೊತ್ತು, ಅದನ್ನು ಬಿಡು. ಗೊತ್ತಿಲ್ಲದ್ದು ಇದು. ರಾತ್ರಿ ಹೊತ್ತು ನಾನು ಅವಳ ಉಸಿರು ಎಣಿಸುತ್ತಾ ಕೂರುತ್ತಿದ್ದೆ. ನಾನು ಕಣ್ಣು ಮುಚ್ಚಿದರೆ ನಿಂತುಬಿಡುತ್ತೆ ಅಂತ. ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಏನಾದರೂ ಮಾತಾಡೋಣ ಅನ್ನಿಸುತ್ತಿತ್ತು. ಅವಳ ಚಿಕ್ಕಂದಿನದ್ದು, ಅವಳ ತಂಗಿಯದ್ದು. ಮಾತಾಡಬೇಡ ಅಮ್ಮಾ, ಸುಸ್ತಾಗುತ್ತೆ, ಸುಮ್ನೆ ಮಲಗು ಅಂತಿದ್ದೆ. ಮಾತಾಡಿದರೆ ನನ್ನ ಎಣಿಕೆ ತಪ್ಪುತ್ತಿತ್ತಲ್ಲ. ತಂಗಿಯ ಕತೆ ಅರ್ಧಕ್ಕೇ ನಿಂತಿತು, ಉಳಿದದ್ದು ಈಗ ಹೇಳುವವರು ಯಾರೂ ಇಲ್ಲ. ಅವಳು ಹೋದಾಗ ನಾನು ಎಚ್ಚರವಾಗೇ ಇದ್ದೆ ಪುಟ್ಟಿ. ನೋಡುತ್ತಲೇ ಇದ್ದೆ. ಇದನ್ನು ನಿನ್ನ ಅಮ್ಮನಿಗೂ ಹೀಗೆ ಬಿಡಿಸಿ ಹೇಳಿಲ್ಲ. ನಿನ್ನನ್ನು ಹೆದರಿಸೋಕೆ ಬರೆಯುತ್ತಿಲ್ಲ, ಅವಳಿಗೆ ವಯಸ್ಸಾಗಿತ್ತು, ಕಾಯಿಲೆ ಇತ್ತು, ನಿನಗೆ ಎರಡೂ ಇಲ್ಲ. ಕಣ್ಣು ಬಿಟ್ಟುಕೊಂಡು ಕೂತರೂ ತಡೆಯೋಕೆ ಆಗದೇ ಇದ್ದದ್ದನ್ನು ನೋಡಿದವಳು ನಾನು, ಅಷ್ಟೇ.

ಅದಾದ ಮೇಲೆ ಎಣಿಕೆ ನನ್ನ ಮೈಗೇ ತಿರುಗಿತು. ಆಗ ಒಬ್ಬರು ಡಾಕ್ಟರ್ ಹೇಳಿದ್ದು, ನಾಡಿ ಮುಟ್ಟಬೇಕು ಅನ್ನಿಸಿದಾಗ ಮುಟ್ಟಲೇಬಾರದು ಅಂತ ಹಟ ಬೇಡ, ಹತ್ತು ನಿಮಿಷ ಮುಂದಕ್ಕೆ ಹಾಕಿ ಅಂತ. ಬಹಳ ಸಲ ಹತ್ತು ನಿಮಿಷದಲ್ಲಿ ಭಯದ ಜೋರು ಇಳಿದಿರುತ್ತಿತ್ತು. ಕೆಲವು ಸಲ ಇಳಿಯುತ್ತಿರಲಿಲ್ಲ, ಸುಳ್ಳು ಹೇಳಲ್ಲ. ಉಸಿರನ್ನು ಎಳೆಯೋದಕ್ಕಿಂತ ನಿಧಾನವಾಗಿ ಬಿಡೋದನ್ನೂ ಹೇಳಿಕೊಟ್ಟಿದ್ದರು. ನಿನಗೆ ಇದೆಲ್ಲ ಫೋನಲ್ಲೇ ಸಿಗುತ್ತೆ, ನಾನು ಹೇಳೋದು ಹಳೇದು ಅನ್ನಿಸಬಹುದು.

ಆ ಕೈಗಡಿಯಾರ, ನಾಡಿ ತೋರಿಸುತ್ತಲ್ಲ, ರಾತ್ರಿ ಅದನ್ನು ಬಿಚ್ಚಿಡು. ಫೋನ್ ಬೇರೆ ಕೋಣೆಯಲ್ಲಿರಲಿ. ಸುದ್ದಿ ಬೇಕಾದರೆ ಹಗಲು ಹೊತ್ತು ಒಂದು ಸಲ ಓದು, ವಿಡಿಯೋ ಬೇಡ. ಕಾಫಿ ಎಷ್ಟು ಕುಡಿಯುತ್ತೀಯ ಅಂತ ಕೇಳಲ್ಲ, ಕೇಳಿದರೆ ಸುಳ್ಳು ಹೇಳುತ್ತೀಯ.

ಒಂದನ್ನು ಮಾತ್ರ ತಮಾಷೆ ಮಾಡದೆ ಬರೆಯುತ್ತೇನೆ. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಮೆಟ್ಟಿಲು ಹತ್ತುವಾಗಲೋ ಓಡುವಾಗಲೋ ಎದೆ ಹಾರಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗು. "ಸುಮ್ನೆ ಗಾಬರಿ ಇರಬೇಕು" ಅಂತ ನೀನೇ ತೀರ್ಮಾನ ಮಾಡಬೇಡ. ಇದು ಯಾವುದೂ ಇಲ್ಲದೆ ಬರೀ ಎಣಿಕೆಯೇ ನಿದ್ದೆ ತಿನ್ನುತ್ತಿದ್ದರೆ, ಮನಸ್ಸಿನ ಡಾಕ್ಟರ್ ಹತ್ತಿರ ಹೋಗು. ಮಾತಿನ ಚಿಕಿತ್ಸೆ ಅಂತ ಇದೆ, ಇಂಥ ಭಯಕ್ಕೆ ಅದು ಕೆಲಸ ಮಾಡುತ್ತೆ. ನಾನು ಬಹಳ ತಡವಾಗಿ ಹೋದೆ.

ಭಾನುವಾರ ಫೋನ್ ಮಾಡು. ಎಷ್ಟು ಹೊತ್ತಾದರೂ ಮಾತಾಡೋಣ, ಯುದ್ಧದ ಬಗ್ಗೆಯೂ ಮಾತಾಡೋಣ. ಆದರೆ "ನನಗೇನೂ ಆಗಲ್ಲ ತಾನೇ ದೊಡ್ಡಮ್ಮ" ಅಂತ ಕೇಳಿದರೆ ನಾನು ಉತ್ತರ ಕೊಡಲ್ಲ, ಈಗಲೇ ಹೇಳಿರುತ್ತೇನೆ. ಕೊಟ್ಟರೆ ಮಂಗಳವಾರ ಮತ್ತೆ ಕೇಳುತ್ತೀಯ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ
ದೊಡ್ಡಮ್ಮ